ಸುಣ್ಣದ ಗೀಟು

ಕಾರಿಮಂಗಲಂ ಹತ್ತಿರದ ನಮ್ಮ ಹಟ್ಟಿ
14-10-1973, ಭಾನುವಾರ

ಅಣ್ಣ ಶಿವಲಿಂಗನಿಗೆ,

ನಿನ್ನ ತಂಗಿ ಪಾಪಾತಿ ಬರೆಯುವುದು. ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಂತೆ. ಕುರಿಗಳು ಚೆನ್ನಾಗಿವೆ. ನೀನು ಹೋಗಿ ಒಂಬತ್ತು ತಿಂಗಳಾದರೂ ತಂಗಿ ಒಂದು ಕಾಗದ ಹಾಕಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ನಾಲ್ಕು ಸಲ ಬರೆದು ಒಲೆಗೆ ಹಾಕಿದ್ದೇನೆ. ಐದನೇ ಕ್ಲಾಸಿಗೆ ಬಿಟ್ಟವಳಿಗೆ ಮಾತು ಜೋಡಿಸಲು ಹೊತ್ತು ಹಿಡಿಯುತ್ತದೆ. ಎದುರಿಗೆ ನಿಂತು ಹೇಳುವುದಂತೂ ನನ್ನ ಕೈಲಿ ಆಗುವುದೇ ಇಲ್ಲ, ನಿನಗೆ ಗೊತ್ತಲ್ಲ.

ಇದನ್ನು ಗೋವಿಂದಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಟೊಮ್ಯಾಟೊ ಲಾರಿಯಲ್ಲಿ ಸೇಲಂಗೆ ಬಂದಾಗ ನಿನ್ನನ್ನು ವರ್ಕ್‌ಶಾಪಿನಲ್ಲಿ ನೋಡಿದೆ ಎಂದು ಅವನೇ ಹೇಳಿದ. ಊರವರ ಕಾಗದವನ್ನೆಲ್ಲ ದಾರಿಯಲ್ಲಿ ಬಿಚ್ಚಿ ಓದುವುದು ಅವನ ಚಾಳಿ. ಆದರೆ ಅವನಿಗೆ ಬರುವುದು ತಮಿಳು ಅಕ್ಷರ ಮಾತ್ರ. ನಾವಿಬ್ಬರೂ ಆನೇಕಲ್ ಅಜ್ಜಿಯ ಮನೆಯಲ್ಲಿದ್ದು ಕಲಿತ ಕನ್ನಡ ಹೀಗೆ ಉಪಯೋಗಕ್ಕೆ ಬಂತು.

ವಿಷಯಕ್ಕೆ ಬರುತ್ತೇನೆ. ನನ್ನನ್ನು ಕೇಳಿಕೊಂಡು ಕಂಬೈನಲ್ಲೂರಿನಿಂದ ಬಂದಿದ್ದರು. ಹುಡುಗ ಯಾರೆಂದು ತಿಳಿದರೆ ನೀನು ಕಾಗದ ಹರಿದುಹಾಕಬೇಡ. ನಾರಪ್ಪ. ಸಂಕ್ರಾಂತಿಯ ಸಡುಗುಡು ಆಟದಲ್ಲಿ (ಆನೇಕಲ್ ಕಡೆ ಕಬಡ್ಡಿ ಎನ್ನುತ್ತಿದ್ದರಲ್ಲ) ನಿನ್ನ ಕಾಲು ಹಿಡಿದನಲ್ಲ, ಅವನೇ. ನೂರು ಕುರಿ ಇರುವ ಮನೆ, ಹುಡುಗ ಕುಡಿಯುವುದಿಲ್ಲ ಎಂದು ಅವ್ವ ಒಪ್ಪಿಬಿಟ್ಟಿದ್ದಾಳೆ. ಅಪ್ಪ ಮಾತ್ರ ಅವರ ಮುಂದೆಯೇ ಹೇಳಿದ: "ಅವಳಣ್ಣ ಬಂದು ಊಂ ಅನ್ಬೇಕು. ಅವ್ನಿಲ್ದೆ ನಾ ತಾಂಬೂಲ ಮುಟ್ಟಲ್ಲ." ದೀಪಾವಳಿ ಕಳೆದು ಬರುವ ಶುಕ್ರವಾರ ಅವರು ತಾಂಬೂಲ ತರುತ್ತಾರೆ. ನೀನು ಬರಬೇಕು.

ನನಗೋಸ್ಕರ ಬೇಡ, ಅಪ್ಪನನ್ನು ನೋಡಲು ಬಾ. ಅವನು ಒಂದು ಕಡೆ ಕೂರುತ್ತಿಲ್ಲ. ಐದು ಗಂಟೆಗೆ ಏಳುವುದು ಹಾಗೇ ಇದೆ. ಆದರೆ ಮೊದಲು ಬೀದಿಯಲ್ಲಿ ವಿಸಿಲ್ ಊದಿ ಸಡುಗುಡು ಟೀಮಿನ ಹುಡುಗರನ್ನೆಲ್ಲ ಎಬ್ಬಿಸುತ್ತಿದ್ದ. ಈಗ ವಿಸಿಲ್ ಮುಟ್ಟುವುದಿಲ್ಲ. ಒಬ್ಬನೇ ಆಟದ ಬಯಲಿಗೆ ಹೋಗುತ್ತಾನೆ, ಬರುತ್ತಾನೆ, ಮತ್ತೆ ಹೋಗುತ್ತಾನೆ. ಅರ್ಧ ಮುದ್ದೆಗೆ ಕೈ ತೊಳೆಯುತ್ತಾನೆ. ಕಟ್ಟಿದ ಆಡನ್ನು ಬಿಚ್ಚಿ ಇನ್ನೊಂದು ಗೂಟಕ್ಕೆ ಕಟ್ಟುತ್ತಾನೆ. "ಮೊದ್ಲು ಕುರೀಗೂ ಲೆಫ್ಟ್ ರೈಟ್ ಏಳ್ಕೊಡ್ತಿದ್ದ, ಈಗ ಕುರೀನೇ ವಾಸಿ, ಒಂದ್ಕಡೆ ನಿಲ್ತವೆ" ಎನ್ನುತ್ತಾಳೆ ಅವ್ವ. ಅವಳು ಕಾಲು ಮುರಿದುಕೊಂಡಾಗ ಮೂರು ತಿಂಗಳು ಊರ ಹೆಂಗಸರು ನಕ್ಕರೂ ಕೇಳದೆ ಒಲೆಯ ಮುಂದೆ ಕೂತು ಮುದ್ದೆ ತಿರುವಿದ ಮನುಷ್ಯ ಅವನು. ಹಾಗಾಗಿ ಅವಳು ಬೈದರೂ ಬೈಗುಳದಲ್ಲಿ ಬಲವಿಲ್ಲ.

ಮೂರು ಸಲ ಸೇಲಂ ಬಸ್ಸು ಹತ್ತಿದ್ದಾನೆ. ಎರಡು ಸಲ ಧರ್ಮಪುರಿಯಲ್ಲೇ ಇಳಿದು ಟೀ ಕುಡಿದು ವಾಪಸ್ಸು ಬಂದ. ಮೂರನೇ ಸಲ ತೊಪ್ಪೂರಿನವರೆಗೆ ಹೋಗಿದ್ದ. ಎಲ್ಲಿಗೆ ಹೋಗಿದ್ದೆ ಎಂದರೆ, ಗಾಳಿ ತಕ್ಕಂಡ್ ಬಂದೆ ಎಂದ. ನಮ್ಮೂರಲ್ಲಿಲ್ಲದ ಗಾಳಿ ತೊಪ್ಪೂರಲ್ಲಿ ಐತಾ ಎಂದು ಅವ್ವ ಕೇಳಿದ್ದಕ್ಕೆ ಎದ್ದು ಆಡಿನ ಗೂಟದ ಹತ್ತಿರ ಹೋದ.

ಆವತ್ತಿನ ಆಟವನ್ನು ನೀನು ಮರೆತಿರುವುದಿಲ್ಲ. ಆದರೂ ಬರೆಯುತ್ತೇನೆ, ಬರೆಯದೆ ಮುಂದಿನದು ಹೇಳಲು ಬರುವುದಿಲ್ಲ. ಕೊನೆಯ ಸರದಿಗೆ ನೀನು ಕಂಬೈನಲ್ಲೂರಿನವರ ಕಡೆ ಹೋದೆ. ನಾರಪ್ಪ ಕಾಲು ಹಿಡಿದು ಕೆಡವಿದ. ನೀನು ಬಿದ್ದಲ್ಲಿಂದಲೇ ಸಡುಗುಡು ಸಡುಗುಡು ಎನ್ನುತ್ತ ನಡುಗೀಟಿಗೆ ಕೈ ಚಾಚಿದೆ. ಉಸಿರು ಕಡಿಯುವ ಮುಂಚೆ ಗೀಟು ಮುಟ್ಟಿದ್ದರೆ ಆಟ ನಮ್ಮದು, ಇಲ್ಲದಿದ್ದರೆ ಅವರದು. ಅಂಪೈರ್ ಆಗಿದ್ದ ಅಪ್ಪ ಔಟ್ ಕೊಟ್ಟ. ನೀನು ಸುಣ್ಣ ಮೆತ್ತಿದ ಬೆರಳು ತೋರಿಸಿದೆ. ಮೈಯೆಲ್ಲ ಸುಣ್ಣವೇ ಆಗೈತಲ್ಲ ಎಂದು ಅವರು ನಕ್ಕರು. ಆಗ ನಮ್ಮ ಹುಡುಗರೇ ಕಂಬಳಿ ಹಾಸಿ ಎಂದು ಕೂಗಿದರು. ನಮ್ಮವರಲ್ಲಿ ಕಂಬಳಿಯ ಮೇಲೆ ನಿಂತು ಹೇಳಿದ ಮಾತಿಗೆ ಎದುರು ಮಾತಿಲ್ಲ. ಅಪ್ಪ ಚಪ್ಪಲಿ ಬಿಟ್ಟು ಹತ್ತಿ, "ಗೀಟು ಮುಟ್ಲಿಲ್ಲ" ಎಂದ.

"ಊರ ಮುಂದೆ ಸತ್ಯವಂತ ಅನ್ನಿಸ್ಕಳಾಕೆ ನನ್ನ ಬಲಿ ಕೊಟ್ಟೆ" ಎಂದು ಹೇಳಿ ನೀನು ಸಂಜೆಯ ಬಸ್ಸಿಗೇ ಹೋದೆ. ಅಪ್ಪ ಆವತ್ತಿನಿಂದ ಕಂಬಳಿಯ ಮೇಲೆ ಮಲಗುವುದನ್ನು ಬಿಟ್ಟಿದ್ದಾನೆ. ಬೆನ್ನಿಗೆ ಶೆಕೆ ಎಂದು ಹೇಳಿ ಮಿಲಿಟರಿಯ ಹಳೇ ಟಾರ್ಪಾಲು ಹಾಸಿಕೊಳ್ಳುತ್ತಾನೆ. ನಾನೂ ಶೆಕೆ ಎಂದೇ ನಂಬಿದ್ದೆ.

ಹೋದ ತಿಂಗಳು ಕುರಿ ದೊಡ್ಡಿಯಲ್ಲಿ ಒಂದು ತಗರು ಬಲಗಡೆಯಿಂದ ಬಂದು ಅವನನ್ನು ಗುದ್ದಿ ಕೆಡವಿತು. ಅಷ್ಟು ಹತ್ತಿರ ಬಂದರೂ ಅವನು ತಿರುಗಲಿಲ್ಲ. ನನಗೆ ನಗು ಬಂತು. ಅವ್ವ ಮಾತ್ರ ಅಳುತ್ತ ಓಡಿಬಂದು, ಆ ಕಣ್ಣು ಕಾಣಲ್ಲ ಅಂತ ಈಗಲಾದರೂ ಮಕ್ಕಳಿಗೆ ಹೇಳು ಎಂದು ಕೂಗಾಡಿದಳು. ಅರವತ್ತೈದರ ಯುದ್ಧದಲ್ಲಿ ಗುಂಡಿನ ಚೂರು ಬರೀ ಚರ್ಮ ಸೀಳಿತು ಎಂದು ನಮಗೆ ಹೇಳಿದ್ದನಲ್ಲ, ಹಾಗಲ್ಲವಂತೆ ಅಣ್ಣ. ಆ ಬಲಗಣ್ಣಿಗೆ ಹೊಗೆ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಗೊತ್ತಾದರೆ ಯಾರೂ ಅಂಪೈರ್ ಮಾಡುವುದಿಲ್ಲ ಎಂದು ಎಂಟು ವರ್ಷದಿಂದ ಮುಚ್ಚಿಟ್ಟಿದ್ದಾನೆ.

ಅವ್ವ ಒಳಗೆ ಹೋದ ಮೇಲೆ ಅವನು ಧೂಳು ಕೂಡ ಕೊಡವಿಕೊಳ್ಳದೆ ಕೂತಲ್ಲೇ ಹೇಳಿದ: "ಗೀಟು ನನ್ಗೆ ಕಾಣ್ಲಿಲ್ಲ ಕಣವ್ವ. ಅವ್ನು ಬಲಗಡೆ ಬಿದ್ದಿದ್ದ. ಮಗ ಅಂತ ಗೆಲ್ಸುದ್ರೆ ಜನ ಏನಂತಾರೆ ಅಂತ ಔಟ್ ಅಂದ್ಬುಟ್ಟೆ. ಕಂಬ್ಳಿ ಮೇಲೂ ಅದ್ನೇ ಅಂದೆ. ನೋಡ್ದೇ ಇರೋದ್ನ."

ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಅವನು ನಿನ್ನ ಹತ್ತಿರ ಇದನ್ನು ತಾನಾಗಿ ಹೇಳಲಾರ, ಹೇಳಲಾರದೆ ಬಸ್ಸು ಹತ್ತಿ ಇಳಿಯುತ್ತಾನೆ. ನೀನು ಅವನನ್ನು ಏನೂ ಕೇಳಬೇಡ. ಬಂದು ಒಂದು ಹೊತ್ತು ಜೊತೆಯಲ್ಲಿ ಊಟಕ್ಕೆ ಕೂತರೆ ಸಾಕು.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ವರ್ಕ್‌ಶಾಪಿನ ಬೆಂಕಿಯ ಹತ್ತಿರ ಕಣ್ಣು ಜೋಪಾನ ಎಂದಳು. ಕಾಗದ ಬರೆಯುವುದು ಗೊತ್ತಾಗಿ ಅಪ್ಪ ಪೆನ್ನಿಗೆ ಇಂಕು ತುಂಬಿಕೊಟ್ಟ. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಪಾಪಾತಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ದೊಡ್ಡಿಯಲ್ಲಿ ಅಪ್ಪ ಇನ್ನೊಂದು ಮಾತು ಕೇಳಿದ: "ನೀ ಗೀಟಿನತ್ರನೇ ಕುಂತಿದ್ದೆಲ್ಲ ಪಾಪಾತಿ, ನೀ ನೋಡ್ದ್ಯಾ?" ಆಟ ಮುಗಿದ ಸಂಜೆಯೂ ಇದನ್ನೇ ಕೇಳಿದ್ದ. ಎರಡು ಸಲವೂ ಇಲ್ಲ ಎಂದೆ.

ನಾನು ನೋಡಿದ್ದೆ ಅಣ್ಣ. ನಿನ್ನ ಎರಡು ಬೆರಳು ಗೀಟು ದಾಟಿ ಈಚೆಗೆ ಬಂದಿದ್ದವು, ಉಸಿರು ಇನ್ನೂ ಇತ್ತು. ಮೊದಲ ಸಲ, ಅಪ್ಪ ಕಂಬಳಿಯ ಮೇಲೆ ನಿಂತು ಹೇಳಿಯಾಗಿದೆ, ಅವನ ಮಾತು ಬಿದ್ದುಹೋಗುತ್ತದೆ ಎಂದು ಹೆದರಿದೆ. ಎರಡನೇ ಸಲದ ಹೊತ್ತಿಗೆ ಕಂಬೈನಲ್ಲೂರಿನವರು ಕೇಳಿಹೋಗಿದ್ದರು, ಹೆದರಿದ್ದು ಬೇರೆಯದಕ್ಕೆ. ಆವತ್ತು ನಾರಪ್ಪ ನಿನ್ನ ಕಾಲು ಹಿಡಿದುಕೊಂಡೇ ತಲೆಯೆತ್ತಿದ. ನಿನ್ನ ಬೆರಳು ನೋಡಿದ, ನನ್ನನ್ನೂ ನೋಡಿದ. ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಈಗ ಅವನು ನನ್ನನ್ನು ಕೇಳಿ ಬಂದಿರುವುದು ಇಷ್ಟಪಟ್ಟೋ, ನನ್ನ ಬಾಯಿ ಮನೆಯೊಳಗೇ ಇರಲಿ ಎಂದೋ, ನನಗೆ ತಿಳಿಯುತ್ತಿಲ್ಲ. ಇಷ್ಟಪಟ್ಟೇ ಇರಲಿ ಎಂದು ಮನಸ್ಸು ಬೇಡುತ್ತದೆ. ಅದಕ್ಕೇ ನಾಚಿಕೆ.

ಶುಕ್ರವಾರ ತಾಂಬೂಲದ ತಟ್ಟೆ ಇಡುವ ಮುಂಚೆ, ನಾರಪ್ಪನೂ ಇರುವಾಗಲೇ, ಅಪ್ಪನಿಗೆ ಹೇಳಿಬಿಡುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬಾರದಿದ್ದರೂ ಹೇಳುತ್ತೇನೆ. ಬಂದರೆ, ಹೇಳುವಾಗ ನನ್ನ ಪಕ್ಕದಲ್ಲಿ ನಿಂತಿರು.