ಸಲಾವುದ್ದೀನರ ಹತ್ತಿರ ಇರುವ ಬಂದೂಕು

ಅಬ್ಬಿಗೇರಿ
29 ಸೆಪ್ಟೆಂಬರ್ 2024, ರವಿವಾರ

ನಿರ್ಮಲಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಸುಧಾರಾಣಿಯ ಶರಣು.

ನೀವು ಬರೆದುಕೊಡು ಎಂದದ್ದು ಸಲಾವುದ್ದೀನರ ಮೇಲೆ ಪೊಲೀಸ್ ಠಾಣೆಗೆ ಒಂದು ದೂರು. ಈ ಲಕೋಟೆಯಲ್ಲಿ ಅದೇ ಇದೆ ಎಂದುಕೊಂಡು ಒಡೆದಿರುತ್ತೀರಿ. ಇದು ದೂರಲ್ಲ. ‘ನೀ ಇಂಗ್ಲಿಷ್ ಸಾಲಿ ಕಲ್ತಾಕಿ, ಸಾಹೇಬ್ರು ಓದಿದ ಕೂಡ್ಲೆ ಆ ಸಾಬನ ಅಂಗಡಿಗೆ ಕೀಲಿ ಬೀಳಬೇಕು, ಹಂಗ ಬರಿ’ ಎಂದಿರಿ. ಮೂರು ದಿನ ಕೂತೆ. ‘ಮಾನ್ಯರೇ’ ಎಂದು ಬರೆದು ಮುಂದೆ ಹೋಗಲು ಆಗಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ, ಮಾವನವರಿಗೆ ಕಿವಿ ಮಂದವಾದ ಮೇಲೆ ನಮ್ಮ ಮನೆಯಲ್ಲಿ ಎಲ್ಲ ಮಾತೂ ಸ್ಪೀಕರಿನ ಮೇಲೆಯೇ. ಅದಕ್ಕೆ ಈ ಕಾಗದ. ಇದನ್ನು ನೀವೊಬ್ಬರೇ ಓದಬೇಕು.

ನಿಮಗೆ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಬರೆಯಲು ಕೈಗೆ ಸ್ವಲ್ಪ ಧೈರ್ಯ ಬೇಕು. ಕಳೆದ ವರ್ಷ ಜುಲೈಯಲ್ಲಿ ಹೆಸರಿನ ಹೊಲಕ್ಕೆ ಚಿಗರಿ ಬಿದ್ದಿದ್ದವು. ಮಾವನವರು ಎಂದಿನಂತೆ ಬಂದೂಕಿನಿಂದ ಆಕಾಶಕ್ಕೆ ಒಂದು ಗುಂಡು ಹೊಡೆದು ಓಡಿಸಲು ಹೋದರು. ಕುದುರೆ ಎಳೆದರೆ ‘ಟಕ್’ ಎಂದಿತು, ಅಷ್ಟೇ. ಮನೆಗೆ ಬಂದು ಬಂದೂಕನ್ನು ಕಟ್ಟೆಯ ಮೇಲಿಟ್ಟು, ‘ಚಿಗರಿ ಸೈತ ನನ್ನ ನೋಡಿ ನಕ್ಕೂ’ ಎಂದರು. ಮರುದಿನವೇ ನಾನು ಮತ್ತು ನಿಮ್ಮ ತಮ್ಮ ಅದನ್ನು ಗಜೇಂದ್ರಗಡಕ್ಕೆ ಒಯ್ದು ಸಲಾವುದ್ದೀನರ ಹತ್ತಿರ ರಿಪೇರಿಗೆ ಬಿಟ್ಟೆವು. ಒಳಗಿನ ಒಂದು ಪಿನ್ನು ಇಲ್ಲ ಎಂದರು. ತೋಟಾದ ಬೆನ್ನಿಗೆ ಬಡಿದು ಮದ್ದಿಗೆ ಬೆಂಕಿ ಮುಟ್ಟಿಸುವ, ಕಿರುಬೆರಳಿನ ಅರ್ಧದಷ್ಟು ಉದ್ದದ ಉಕ್ಕಿನ ಚೂರು ಅದು. ‘ಹಳೇ ಮಾಲ್ರೀ. ಇದರ ಸಾಮಾನು ಈಗ ಎಲ್ಲೂ ಸಿಗಂಗಿಲ್ಲ. ಕೈಲೇ ಮಾಡಬೇಕು. ಟೈಮ್ ಹಿಡೀತೈತಿ’ ಎಂದು ರಸೀದಿ ಬರೆದುಕೊಟ್ಟರು.

ಆ ಟೈಮಿಗೆ ಈಗ ಹದಿನಾಲ್ಕು ತಿಂಗಳು. ಮೊದಲು ಬೆಳಗಾವಿಯಿಂದ ಉಕ್ಕು ಬರಲಿಲ್ಲ. ಆಮೇಲೆ ಅವರ ಕಣ್ಣಿನ ಪೊರೆ. ಆಮೇಲೆ ರಮಜಾನ್. ಚುನಾವಣೆಗೆ ಎಲ್ಲರೂ ತಮ್ಮ ಬಂದೂಕುಗಳನ್ನು ರೋಣದ ಠಾಣೆಯಲ್ಲಿ ಇಟ್ಟು ಬಂದಾಗ ನಾವು ಅವರ ರಸೀದಿ ತೋರಿಸಿ ಬಂದೆವು. ಪ್ರತಿ ತಿಂಗಳೂ ನಾನು ಬಸ್ಸು ಹತ್ತಿ ಹೋಗುತ್ತಿದ್ದೆ, ಪ್ರತಿ ತಿಂಗಳೂ ‘ಬರೂ ವಾರ’ ಎನ್ನುತ್ತಿದ್ದರು. ನೀವು ಫೋನಿನಲ್ಲಿ ಚುಚ್ಚಿದ್ದು ನೆನಪಿದೆಯಲ್ಲ? ‘ನಮ್ಮ ನರಗುಂದದವ್ರು ಆಯುಧಾ ಕೊಡ್ರಿ ಅಂದಿದ್ದಕ್ಕ ಬ್ರಿಟಿಷರ ಮ್ಯಾಲೆ ಬಂಡ ಎದ್ರು. ನೀವು ಸುಮ್ನ ಒಯ್ದು ಕೊಟ್ಟು, ಚೀಟಿ ಹಿಡಕೊಂಡು ಕುಂತೀರಿ.’ ಮಾವನವರು ಮೂರು ದಿನ ಅದನ್ನೇ ಹೇಳಿಕೊಂಡು ನಕ್ಕರು, ನಾಲ್ಕನೆಯ ದಿನ ಅತ್ತರು.

ಅವರ ಆಸೆ ಏನೆಂದು ನಿಮಗೆ ಗೊತ್ತು. ಮಾರ್ಚ್‌ನಲ್ಲಿ ಬಿದ್ದಾಗಿನಿಂದ ಹಾಸಿಗೆ ಬಿಟ್ಟಿಲ್ಲ. ಈ ಮಹಾನವಮಿಯ ಖಂಡೇ ಪೂಜೆಗೆ ಮಣೆಯ ಮೇಲೆ ತಮ್ಮಪ್ಪನ ಬಂದೂಕು ಇರಬೇಕು. ಕಳೆದ ವರ್ಷ ಮಣೆಯ ಮೇಲೆ ಕುಡಗೋಲು, ಕೊಡಲಿ, ತಕ್ಕಡಿ ಎಲ್ಲ ಇಟ್ಟು, ನಡುವೆ ಬಂದೂಕಿನ ಉದ್ದಕ್ಕೆ ಜಾಗ ಬಿಡಿಸಿ, ಬರೀ ಕಟ್ಟಿಗೆಗೆ ವಿಭೂತಿ ಹಚ್ಚಿದರು. ‘ಮುಂದಿನ ವರ್ಷ ಇಲ್ಲಿ ಬಂದೂಕ ನೋಡೇ ಸಾಯ್ತೇನಿ’ ಎಂದರು. ನನ್ನ ಕಡೆ ತಿರುಗಿ, ‘ನನ್ನವ್ವ ಅದಾಳ, ತರ್ತಾಳ’ ಎಂದರು.

ಅಕ್ಕಾ, ಆ ಪಿನ್ನು ನನ್ನ ಹೊಲಿಗೆ ಡಬ್ಬಿಯಲ್ಲಿದೆ. ಕಳೆದ ವರ್ಷ ಜುಲೈಯಿಂದಲೂ ಅಲ್ಲೇ ಇದೆ. ತೆಗೆದವಳು ನಾನು.

ನನಗೆ ಬಂದೂಕು ಬಿಚ್ಚಲು ಕಲಿಸಿದವರು ಮಾವನವರೇ. ಹೊಸದಾಗಿ ಮದುವೆಯಾಗಿ ಬಂದಾಗ, ಬಂದೂಕಿನ ಜೊತೆ ಬಂದ ಹಳೆಯ ಇಂಗ್ಲಿಷ್ ಪುಸ್ತಿಕೆಯನ್ನು ಟ್ರಂಕಿನಿಂದ ತೆಗೆದು, ‘ಇದರಾಗ ಏನೈತಿ ಓದಿ ಹೇಳವ್ವಾ, ನಲವತ್ತು ವರ್ಷದಿಂದ ಚಿತ್ರಾ ನೋಡಿ ಎಣ್ಣಿ ಹಾಕಾಕತ್ತೇನಿ’ ಎಂದರು. ನಾನು ಓದಿ ಹೇಳಿದೆ, ಅವರು ಬಿಚ್ಚಿದರು. ಮರುವರ್ಷ ನನ್ನ ಕೈಯಿಂದಲೇ ಬಿಚ್ಚಿಸಿದರು. ಅಂದಿನಿಂದ ಖಂಡೇ ಪೂಜೆಗೆ ಬಂದೂಕು ಬಿಚ್ಚಿ ಎಣ್ಣೆ ಹಾಕುವುದು ಈ ಮನೆಯಲ್ಲಿ ಸೊಸೆಯ ಕೆಲಸ. ಬಂದವರಿಗೆಲ್ಲ ಅದನ್ನು ಹೇಳಿ ಹಿಗ್ಗುತ್ತಿದ್ದರು. ಅವರು ಹಿಗ್ಗಿ ಕಲಿಸಿದ ವಿದ್ಯೆಯಿಂದಲೇ ಅವರಿಗೆ ಮೋಸ ಮಾಡಿದ್ದೇನೆ.

ಯಾಕೆ ಎಂದು ಬರೆಯಬೇಕು.

ಹೊಲಕ್ಕೆ ಚಿಗರಿ ಬೀಳುವ ಕೆಲವು ದಿನ ಮೊದಲು, ಒಂದು ದಿನ ನಾನು ರೋಣದಿಂದ ಸಂಜೆಯ ಬದಲು ಮಧ್ಯಾಹ್ನದ ಬಸ್ಸಿಗೇ ಬಂದೆ. ನಿಮ್ಮ ತಮ್ಮ ಮಾಳಿಗೆಯ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದರು. ಬಂದೂಕು ತೊಡೆಯ ಮೇಲಿತ್ತು. ನನ್ನನ್ನು ನೋಡಿ, ‘ಧೂಳಾ ಒರಸಾಕತ್ತಿದ್ದೆ’ ಎಂದರು. ಕೈಯಲ್ಲಿ ಅರಿವೆ ಇರಲಿಲ್ಲ. ಅವರ ಮುಖದಲ್ಲಿ ನಾನು ನೋಡಿದ್ದನ್ನು ನಿಮಗೆ ಹೇಗೆ ಬರೆಯಲಿ? ದುಃಖವಿರಲಿಲ್ಲ. ಊರಿಗೆ ಹೊರಟು ನಿಂತವರು ಬಸ್ಸು ತಡವಾಯಿತೆಂದು ಮತ್ತೆ ಕೂತ ಹಾಗಿತ್ತು. ನಾನು, ‘ಚಹಾ ಮಾಡ್ತೀನಿ, ಕೆಳಗ ಬರ್ರಿ’ ಎಂದೆ. ಅವರು ಬಂದರು. ಇಬ್ಬರೂ ಚಹಾ ಕುಡಿದೆವು. ಸಕ್ಕರೆ ಸಾಕೇ ಎಂದು ಕೇಳಿದೆ. ಇಪ್ಪತ್ತೆರಡು ವರ್ಷ ಜೊತೆಗಿದ್ದವಳು ಆ ಹೊತ್ತಿಗೆ ಕೇಳಿದ ಪ್ರಶ್ನೆ ಅದೊಂದೇ. ಮರುದಿನ ಅವರು ಸ್ನಾನಕ್ಕೆ ಹೋದಾಗ ಪಿನ್ನು ತೆಗೆದೆ.

ಏನಾಗಿದೆ ಎಂದು ನೀವು ಕೇಳುತ್ತೀರಿ. ಏನೂ ಆಗಿಲ್ಲ, ಕಷ್ಟ ಇರುವುದೇ ಅಲ್ಲಿ. ಕಾಳಿನ ಅಂಗಡಿ ನಡೆಯುತ್ತಿತ್ತು, ಹೊಲವಿತ್ತು, ಯಾರೊಂದಿಗೂ ಜಗಳವಿರಲಿಲ್ಲ. ರೋಣದ ಪೇಟೆಯಲ್ಲಿ ನಿಮ್ಮ ತಮ್ಮ ಅಜಯಕುಮಾರ ಎಂದರೆ ಒಂದು ಬೊಗಸೆ ಜೋಳ ಮೂಸಿ ಅದು ಶಿರೋಳದ್ದೋ ಅಬ್ಬಿಗೇರಿಯದೋ ಹೇಳುತ್ತಿದ್ದ ಮನುಷ್ಯ. ಒಂದು ದಿನ ಅಂಗಡಿಯಿಂದ ಬೇಗ ಬಂದು, ‘ಎಲ್ಲಾ ಒಂದ ವಾಸನಿ ಬರಾಕತ್ತೈತಿ’ ಎಂದರು. ನಾನು ನೆಗಡಿ ಎಂದುಕೊಂಡೆ. ಆಮೇಲೆ ಅಂಗಡಿಗೆ ಹೋಗುವುದು ವಾರಕ್ಕೆ ಮೂರು ದಿನವಾಯಿತು, ಆಮೇಲೆ ನಿಂತಿತು. ಗದಗಿನ ಡಾಕ್ಟರು ಗುಳಿಗೆ ಕೊಟ್ಟರು. ಮಾವನವರು, ‘ಪಿತ್ತ ಏರೇತಿ, ಹುಚ್ಚರ ಗುಳಗಿ ಯಾಕ?’ ಎಂದು ಬಿಡಿಸಿದರು. ಮತ್ತೆ ಶುರು ಮಾಡಿಸಿದೆ. ನುಂಗುತ್ತಾರೋ, ನಾಲಗೆಯ ಕೆಳಗಿಟ್ಟುಕೊಂಡು ಉಗುಳುತ್ತಾರೋ ನನಗೆ ಗೊತ್ತಿಲ್ಲ. ಬಾಯಿ ತೆಗೆಯಿರಿ ಎಂದು ಹೇಗೆ ಕೇಳುವುದು?

ಈಗ ಸಲಾವುದ್ದೀನರ ಮಾತು. ನೇಕಾರರ ಓಣಿಯ ಕೊನೆಗೆ ಅವರ ಅಂಗಡಿ. ಬಂದೂಕಿನ ಕೆಲಸ ಈಗ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಮಗ್ಗದ ಕಬ್ಬಿಣದ ಸಾಮಾನು, ಬೀಗ, ಕೀಲಿಕೈ ಮಾಡುತ್ತಾರೆ. ಆದರೂ ಬಂದೂಕು ರಿಪೇರಿಯ ಪರವಾನಗಿಯನ್ನು ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ಅವರ ಅಜ್ಜನ ಕಾಲದಿಂದ ಬಂದದ್ದು. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದುದು ಬಂದೂಕು ಆಯಿತೇ ಎಂದು ಕೇಳಲು ಅಲ್ಲ, ಆಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ‘ಬರೂ ವಾರ’ ಎಂದಾಗ ಎದೆ ಹಗುರಾಗುತ್ತಿತ್ತು. ಮುಖಕ್ಕೆ ನಿರಾಸೆ ತಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಕಳೆದ ಸೋಮವಾರ ಹೋದಾಗ ಅವರು ಎಂದಿನಂತೆ ಹೇಳಲಿಲ್ಲ. ಹೆಂಡತಿ ಕಾಶೀಂಬಿಯನ್ನು ಕರೆದು ಚಹಾ ತರಿಸಿದರು. ಆಕೆ ಒಳಗೆ ಹೋದ ಮೇಲೆ, ‘ಅಕ್ಕಾರ, ನಿಮ್ಮ ಬಂದೂಕ ಹೋದ ದಸರಾಕ್ಕ ತಯಾರಾಗೇತ್ರಿ’ ಎಂದರು.

ನಾನು ಚಹಾದ ಕಪ್ಪು ಕೆಳಗಿಟ್ಟೆ. ಅವರೇ ಮುಂದುವರಿಸಿದರು.

‘ಪಿನ್ ಮುರದಿದ್ದಿಲ್ರಿ, ಬಿಚ್ಚಿದ್ರು. ಅದೂ ಚಂದಗೆ ಬಿಚ್ಚಿದ್ರು. ಗಂಡಸರು ಕೈ ಹಾಕಿದ್ರ ಸ್ಕ್ರೂದ ತಲಿ ಕಿತ್ತು ಹಾಳಮಾಡ್ತಾರ. ಅವತ್ತ ನಿಮ್ಮ ಯಜಮಾನ್ರ ಮಾರಿ ನೋಡಿದೆ. ನಿಮ್ಮ ಮಾರೀನೂ ನೋಡಿದೆ. ನಮ್ಮ ಕಡೆ ಎರಡು ನಮೂನಿ ಬಂದೂಕ ಬರ್ತಾವು. ಗುಂಡ ಹಾರವಲ್ದು ಅಂತ ಬರೋವು, ಹಾರಬಾರದು ಅಂತ ಬರೋವು. ಎರಡನೇದಕ್ಕ ನಮ್ಮಪ್ಪ ಬರೂ ವಾರ, ಬರೂ ವಾರ ಅಂತಿದ್ರು.’

ಒಂದು ವರ್ಷ, ಅಕ್ಕಾ! ನಾವೆಲ್ಲ ಅವರನ್ನು ಸುಳ್ಳ, ಕಳ್ಳ ಎಂದೆವು. ಮಾವನವರು ಫೋನಿನಲ್ಲಿ ಬೈದದ್ದನ್ನು ನಾನು ಬರೆಯಲಾರೆ. ಕೇಳಿಕೊಂಡು, ‘ಹೌದ್ರಿ ಯಜಮಾನ್ರ, ತಪ್ಪಾಗೇತಿ, ಬರೂ ವಾರ’ ಎನ್ನುತ್ತಿದ್ದರು. ಕೆಲಸ ಮುಗಿಸಿಯೂ ಕೆಲಸ ಬಾರದವನೆಂಬ ಹೆಸರು ಹೊತ್ತರು. ನಾನು ಅವರಿಗೆ ಒಂದು ಮಾತು ಹೇಳಿರಲಿಲ್ಲ, ಅವರೂ ನನ್ನನ್ನು ಕೇಳಿರಲಿಲ್ಲ.

ಆದರೆ ಇನ್ನು ಆಗುವುದಿಲ್ಲವಂತೆ. ನಿಮ್ಮ ಯಜಮಾನರು ಗುರುತಿನವರಿಂದ ಠಾಣೆಗೆ ಫೋನು ಮಾಡಿಸಿದ್ದರಲ್ಲ, ಅಂದಿನಿಂದ ಪೊಲೀಸರು ಎರಡು ಸಲ ಬಂದು ಹೋಗಿದ್ದಾರೆ. ಅವರ ಪರವಾನಗಿಯ ನವೀಕರಣ ನವೆಂಬರಿನಲ್ಲಿ. ಅದರ ಮೇಲೆ ಲಿಖಿತ ದೂರು ಬಿದ್ದರೆ ಗೋಡೆಯ ಮೇಲಿನ ಕಾಗದ ಹೋಯಿತು. ‘ಮಹಾನವಮಿ ಒಳಗ ಕೊಟ್ಟ ಬಿಡ್ತೇನ್ರಿ. ಹ್ಯಾಂಗರ ಮಾಡಿ ಮನ್ಯಾಗ ನೋಡ್ಕೋರಿ’ ಎಂದರು. ಕ್ಷಮೆ ಕೇಳುವವರ ದನಿಯಲ್ಲಿ ಹೇಳಿದರು.

ನೋಡಿಕೊಳ್ಳಿ ಎಂದರೆ ಹೇಗೆ? ಮತ್ತೆ ಪಿನ್ನು ತೆಗೆಯಬಹುದು, ಅದು ಇನ್ನೊಂದು ಹದಿನಾಲ್ಕು ತಿಂಗಳು. ಆಮೇಲೆ? ನಮ್ಮ ಮನೆಯಲ್ಲಿ ಬಾವಿಯಿದೆ, ಮಾಳಿಗೆಯಿದೆ, ಹೊಲಕ್ಕೆ ಹೊಡೆಯುವ ಔಷಧವಿದೆ. ಎಷ್ಟರ ಪಿನ್ನು ತೆಗೆಯಲಿ? ನಾನು ತೆಗೆದದ್ದು ಅವರ ಸಲುವಾಗಿಯೋ, ನಾನು ಬಾಯಿಬಿಟ್ಟು ಕೇಳದೆ ಉಳಿಯುವ ಸಲುವಾಗಿಯೋ ಎಂದು ಈ ಕಾಗದ ಬರೆಯುತ್ತ ಮೊದಲ ಸಲ ಅನುಮಾನ ಬರುತ್ತಿದೆ. ಉಕ್ಕಿನ ಚೂರೊಂದನ್ನು ಬಚ್ಚಿಟ್ಟು, ಮಾಡಬೇಕಾದದ್ದನ್ನು ಮಾಡಿದೆ ಎಂದು ಇಷ್ಟು ದಿನ ನಂಬಿದ್ದೆ.

ನಿಮ್ಮಲ್ಲಿ ಎರಡೇ ಬೇಡಿಕೆ. ದೂರು ಕೊಡಬೇಡಿ. ಮತ್ತು ಮಾವನವರಿಗೆ ಹೇಳಿ ಬಂದೂಕನ್ನೂ ಪರವಾನಗಿಯನ್ನೂ ಸರಕಾರಕ್ಕೆ ಒಪ್ಪಿಸುವಂತೆ ಮಾಡಿ. ನಾನು ಹೇಳಿದರೆ ಕಾರಣ ಕೇಳುತ್ತಾರೆ. ನೀವು ಮಗಳು, ಅತ್ತು ಹಟ ಮಾಡಿದರೆ ಕಾರಣ ಕೇಳುವುದಿಲ್ಲ. ಒಪ್ಪುತ್ತಾರೆಂದು ನನಗೂ ಆಸೆಯಿಲ್ಲ. ಮಣೆಯ ಮೇಲಿನ ಆ ಖಾಲಿ ಜಾಗ ಅವರಿಗೆ ಏನು ಎಂದು ನಾನು ಬಲ್ಲೆ. ಆದರೂ ನಿಮ್ಮನ್ನಲ್ಲದೆ ಯಾರನ್ನು ಕೇಳಲಿ?

ಅಜಯ ನಿಮ್ಮ ಬೆನ್ನಿಗೆ ಬಿದ್ದವರು. ನಿಮ್ಮ ಲಂಗ ಹಿಡಿದುಕೊಂಡೇ ಸಾಲಿಗೆ ಹೋಗುತ್ತಿದ್ದರೆಂದು ಅತ್ತೆ ಹೇಳುತ್ತಿದ್ದರು. ಬಂದು ಒಂದು ವಾರ ಇರಿ.

ನಿಮ್ಮ
ಸುಧಾ

ತಾ.ಕ.: 2 ಅಕ್ಟೋಬರ್, ಅಮಾವಾಸ್ಯೆ. ಇದನ್ನು ಅಂಚೆಗೆ ಹಾಕಲಿಲ್ಲ. ದಿನಾ ನಾಳೆ ಎಂದುಕೊಂಡೆ. ಇಂದು ಸಂಜೆಯ ನರಗುಂದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಡುತ್ತೇನೆ. ಆಗಲೇ ಫೋನು ಮಾಡಿ ‘ಲಗೂ ಬರ್ರಿ’ ಎಂದಷ್ಟೇ ಹೇಳಿದೆನಲ್ಲ, ಕಾರಣ ಇದು.

ನಿನ್ನೆ ಬೆಳಿಗ್ಗೆ ನಿಮ್ಮ ತಮ್ಮ ಗಡ್ಡ ಬೋಳಿಸಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು, ಒಬ್ಬರೇ ಗಜೇಂದ್ರಗಡಕ್ಕೆ ಹೋಗಿ ಬಂದೂಕು ತಂದರು. ಮಾವನವರು ಬಂದವರಿಗೆಲ್ಲ, ‘ನನ್ನ ಮಗಾ ಎದ್ದಾನ ನೋಡ್ರಿ’ ಎನ್ನುತ್ತಿದ್ದಾರೆ. ಇಂದು ಮಧ್ಯಾಹ್ನ ಹಾಸಿಗೆಯ ಪಕ್ಕದಲ್ಲೇ ಚಾಪೆ ಹಾಸಿ ನನ್ನ ಕೈಯಿಂದ ಬಿಚ್ಚಿಸಿದರು. ಅಕ್ಕಾ, ಒಳಗೆ ಪಿನ್ನು ಇರಲಿಲ್ಲ. ತಾವು ಮಾಡಿದ್ದನ್ನು ಸಲಾವುದ್ದೀನರು ತೆಗೆದುಕೊಂಡು, ರಸೀದಿಯ ಮೇಲೆ ರಿಪೇರಿ ಆಗಿದೆ ಎಂದು ಬರೆದು ಕೊಟ್ಟಿದ್ದಾರೆ. ಇನ್ನು ಯಾರು ದೂರು ಕೊಟ್ಟರೂ ಅದು ಖರೇ ದೂರು. ನಾನು ಎಣ್ಣೆ ಹಚ್ಚಿ ಮುಚ್ಚಿ, ‘ಛಲೋ ಆಗೇತ್ರಿ ಮಾವಾರ’ ಎಂದೆ. ನಿಮ್ಮ ತಮ್ಮ ಎದುರಿಗೆ ಕೂತು ನನ್ನ ಕೈಗಳನ್ನೇ ನೋಡುತ್ತಿದ್ದರು.

ಆಮೇಲೆ ಒಳಗೆ ಹೋಗಿ ಹೊಲಿಗೆ ಡಬ್ಬಿ ತೆಗೆದೆ. ದಾರದ ಉಂಡೆಗಳಿವೆ, ಗುಂಡಿಗಳಿವೆ. ಪಿನ್ನು ಇಲ್ಲ. ಎಂದು ಹೋಯಿತೋ ತಿಳಿಯದು. ಮಾವನವರಂತೂ ಹಾಸಿಗೆ ಬಿಟ್ಟು ಎದ್ದಿಲ್ಲ. ಬಂದೂಕನ್ನು ಮಾವನವರ ಹಾಸಿಗೆಯ ಕೆಳಗೆ ಇಟ್ಟಿದ್ದೇನೆ. ನಿಮ್ಮ ತಮ್ಮ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಾರೆ. ಅವರ ಮುಂದೆ ಹೋಗಿ ನಿಂತೆ. ಕೇಳಬೇಕೆಂದೇ ಹೋದೆ.

ಚಹಾ ಮಾಡ್ತೀನಿ ಎಂದು ಹೇಳಿ ಬಂದೆ.