ಚಾನಲ್ಲಿನ ಹ್ಯಾಂಡಲ್ಲು

ಜೂನ್ 9, ಭಾನುವಾರ

ಪೇಪರ್ ಓದಿ ಮುಗಿಸಿದೆ. ನಾನು ಓದುವುದು, ಅಪ್ಪ ಕೇಳುವುದು. ಈಗೀಗ "ಓದವ್ವ" ಅನ್ನುವುದನ್ನೇ ಬಿಟ್ಟಿದ್ದಾರೆ. ಕಣ್ಣು ಹೋದದ್ದಕ್ಕಿಂತ ಇನ್ನೊಬ್ಬರನ್ನು ಕೇಳಿ ಓದಿಸಿಕೊಳ್ಳುವುದೇ ಅವರಿಗೆ ಸಂಕಟ.

ಹಳೇ ಲ್ಯಾಪ್‌ಟಾಪಿನಲ್ಲಿ ಗಟ್ಟಿಯಾಗಿ ಓದುವ ಪ್ರೋಗ್ರಾಮ್ ಇದೆ—ಬರೀ ಇಂಗ್ಲಿಷ್. ಕನ್ನಡದ ದನಿ ನಾನೇ ಸೇರಿಸುತ್ತೇನೆ. ಕಾಲೇಜಿನಲ್ಲಿ ಸಿ ಪ್ರೋಗ್ರಾಮಿಂಗ್ ಹೇಳಿಕೊಡುವವಳು, ಇಷ್ಟೂ ಆಗದಿದ್ದರೆ ಹೇಗೆ?

ಜೂನ್ 12, ಸಂಜೆ

ಪಾಂಡವಪುರದ ಬಸ್ಸು ಲೇಟು. ಬಂದವಳೇ ಲ್ಯಾಪ್‌ಟಾಪ್ ಮುಂದೆ ಕೂತೆ. ಆಗಲಿಲ್ಲ. ಓದುವ ಪ್ರೋಗ್ರಾಮಿನ ಸ್ಕ್ರಿಪ್ಟು ಒಂದು ದಾರಿ ತೆರೆದು ವಾಕ್ಯ ಕಳಿಸುತ್ತದೆ. ಆ ದಾರಿಗೆ ಚಾನಲ್ ಅಂತ ಹೆಸರು. "ಮಾತಾಡು" ಅನ್ನುವ ಅಪ್ಪಣೆಯನ್ನು ನನ್ನ ಸಿ ಪ್ರೋಗ್ರಾಮು ಅದೇ ದಾರಿಯಲ್ಲಿ ಕೊಡಬೇಕು. ಅದಕ್ಕೆ ಫೈಲ್ ಹ್ಯಾಂಡಲ್ ಬೇಕು, ಆ ದಾರಿಯ ಹಿಡಿಕೆ ಇದ್ದ ಹಾಗೆ. ಕೇಳಿದರೆ ಸಿಗುತ್ತಿಲ್ಲ.

"ಚಾನಲ್ ಹ್ಯಾಂಡಲ್ ಸಿಗ್ತಿಲ್ಲ ಕಣಪ್ಪ" ಅಂದೆ. ಅಪ್ಪ ಸೌಡಿ ಕೆಲಸದಲ್ಲಿ ನಾಲೆಯ ತೂಬು ಎತ್ತಿ ಇಳಿಸಿಯೇ ರಿಟೈರ್ ಆದವರು. ನಾಲೆಗೆ ಚಾನಲ್ ಅಂತಲೇ ಅನ್ನುವವರು. ಎದ್ದು ಕೂತರು.

"ಯಾವ ಚಾನಲ್ದವ್ವ? ಕಿರಂಗೂರು ತೂಬಿಂದಾ? ಅದು ತುಕ್ಕಿಡ್ದದೆ, ವಸಿ ಎಣ್ಣೆ ಬುಡು."

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ವಿಷಯ ತಿಳಿದ ಮೇಲೆ ಅಪ್ಪನೂ ನಕ್ಕರು. ಎಷ್ಟು ದಿನವಾಗಿತ್ತು...

ಜೂನ್ 15

ಸಿಕ್ಕಿತು! ಬರೆಯುವುದಕ್ಕೆ ಅಂತ ಹೇಳದೆ ಚಾನಲ್ ತೆರೆದಿದ್ದೆ. ಹೇಳದಿದ್ದರೆ ಅದು ಓದುವುದಕ್ಕೆ ಅಂತಲೇ ಅಂದುಕೊಳ್ಳುತ್ತದೆ.

ದನಿಯೂ ಬಂತು. ಆದರೆ ಒಂದು ವಾಕ್ಯ ಹಿಂದೆ. ಎರಡನೆಯ ವಾಕ್ಯಕ್ಕೆ ಕೀ ಒತ್ತಿದರೆ ಮೊದಲನೆಯದು ಓದುತ್ತದೆ.

"ನಿಮ್ಮವ್ವನಂಗೇ ಕಣವ್ವ," ಅಂದರು ಅಪ್ಪ. "ಈಗ ಕೇಳುದ್ರೆ ಉತ್ರ ಆಮ್ಯಾಕೆ."

ಅಡುಗೆಮನೆಯಿಂದ ಅವ್ವ: "ಉಣ್ಣಾಕೆ ಇಟ್ಟು ಬೇಕಾ, ಬ್ಯಾಡ್ವಾ?"

ಅಪ್ಪ ಕೈ ತೊಳೆಯಲು ಎದ್ದರು.

ಜೂನ್ 27

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಏನು ಮಾಡಿದರೂ ಒಂದು ವಾಕ್ಯ ಹಿಂದೆಯೇ. "ಬುಡವ್ವ ಅತ್ಲಾಗೆ. ನಾನ್ ಓದ್ದೆ ಇದ್ರೆ ಲೋಕ ನಿಂತೋಯ್ತದಾ?" ಅಂದುಬಿಟ್ಟಿದ್ದರು ಅಪ್ಪ.

ಇವತ್ತು ನಾಗಮಂಗಲದ ರವೀಂದ್ರ ಸರ್‌ಗೆ ಫೋನ್ ಮಾಡಿದೆ. ನನಗೆ ಸಿ ಕಲಿಸಿದವರು. ಕೋಡ್ ಕಳಿಸು ಅಂದರು. ಊಟಕ್ಕೂ ಏಳದೆ ಸಾಲು ಸಾಲು ನೋಡಿದರಂತೆ. ಸಂಜೆ ಅವರೇ ಫೋನ್ ಮಾಡಿದರು.

"ಚೈತ್ರ, ವಾಕ್ಯ ಇನ್ನೂ ಸ್ಕ್ರಿಪ್ಟಿನ ಕೈಲೇ ಐತೆ ಕಣಮ್ಮ. ಮೊದ್ಲು ಫ್ಲಶ್ ಮಾಡಿ ಅದ್ನ ಆಚೆ ಕಳ್ಸು, ಆಮೇಲೆ ನಿನ್ನ ಸಿ ಪ್ರೋಗ್ರಾಮ್‌ಗೆ ಬುಡು. ನೀನು ಉಲ್ಟಾ ಮಾಡಿದೀಯ."

ಒಂದೇ ಸಾಲು ಮೇಲಕ್ಕೆ ಸರಿಸಿದೆ. ಸರಿಹೋಯಿತು! ಫೋನಿನಲ್ಲಿ ಥ್ಯಾಂಕ್ಸ್ ಸರ್ ಅಂದೆ. ಸಾಲದು. ಇಂಥ ಗುರು ಸಿಕ್ಕಿದ್ದು ನನ್ನ ಪುಣ್ಯ.

ಜೂನ್ 30, ಭಾನುವಾರ, ಬೆಳಿಗ್ಗೆ

ಇವತ್ತಿನ ಪೇಪರನ್ನು ಲ್ಯಾಪ್‌ಟಾಪಿನಲ್ಲಿ ತೆರೆದು, ಅಪ್ಪನ ಬೆರಳು ಹಿಡಿದು ಕೀ ತೋರಿಸಿದೆ. ಒತ್ತಿದರು. ಓದಿತು. ಇನ್ನೊಂದು ಸಲ. ಓದಿತು. ಎಲ್ಲಾದರೂ ಎಡವಿದರೆ ಅಂತ ಪಕ್ಕದಲ್ಲೇ ಕೂತಿದ್ದೆ.

"ನೀನ್ ಆಚೆ ಓಗವ್ವ," ಅಂದರು. "ನಾನು ಪೇಪರ್ ಓದ್ತಾವ್ನಿ."

ಓದ್ತಾವ್ನಿ! ಕೇಳ್ತಾವ್ನಿ ಅನ್ನಲಿಲ್ಲ.

ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ಕಣ್ಣೊರೆಸಿಕೊಂಡದ್ದನ್ನು ಅವ್ವ ನೋಡಿದಳು. ಒಳಗೆ ಅಪ್ಪ ಒಬ್ಬರೇ ಜೋರಾಗಿ ನಕ್ಕರು. ಯಾವ ಸುದ್ದಿಗೋ... ಕೇಳೋಣ ಅಂತ ಎದ್ದೆ. ಬೇಡ. ಹೇಳಬೇಕು ಅನಿಸಿದರೆ ಅವರೇ ಕರೆದು ಹೇಳುತ್ತಾರೆ.