ನಡುವಿನ ಬೆಂಚು

ಅಕ್ಕಾ,

ಈ ಹೊಲಿಗೆ ಅಂಗಡಿಯಲ್ಲಿ ಈಗ ಚುನಾವಣೆಯ ಬಾವುಟಗಳದೇ ಕೆಲಸ. ಊಟಕ್ಕೆ ಕೂತರೆ ನಮ್ಮ ಕೆಲಸಗಾರರಲ್ಲೇ ಒಂದು ಪಕ್ಷದವರು ಕಿಟಕಿ ಕಡೆ, ಇನ್ನೊಂದು ಪಕ್ಷದವರು ಬಾಗಿಲ ಕಡೆ. ನಡುವಿನ ಬೆಂಚಿನಲ್ಲಿ ನಾನೊಬ್ಬನೇ. ಆ ಕಡೆಯವರು ಈ ಕಡೆಯವರಿಗೆ ಮುಖ ಕೊಟ್ಟು ಮಾತಾಡುವುದಿಲ್ಲ, ನಾನೂ ಯಾರಿಗೂ ಏನೂ ಹೇಳಲು ಹೋಗುವುದಿಲ್ಲ. ಮೊನ್ನೆ ಹರಿದ ಚೀವರವಸ್ತ್ರ ಹೊಲಿಸಲು ಬಂದ ಬೌದ್ಧ ಭಿಕ್ಷುವಿಗೆ, "ನಂದೂ ನಿಮ್ಮ ಮಧ್ಯಮ ಮಾರ್ಗವೇ, ಭಂತೇಜಿ" ಎಂದೆ.

ಅವರು ನಕ್ಕರು. "ಬಾಯಿ ಮುಚ್ಕೊಂಡು ಕೂರೋದಕ್ಕೆ ಹಾಗನ್ನಬೇಡಪ್ಪ. ಇಬ್ಬರಿಗೂ ಒಂದೇ ಮಾತು ಹೇಳು, ದ್ವೇಷ ಇಲ್ಲದೆ ಹೇಳು."

ನನ್ನ ಕೆಮ್ಮು ಈಗ ಕಡಿಮೆಯಾಗಿದೆ. ಅಣ್ಣನಿಗೊಂದು ಕಾರ್ಡು, ಭಾವನಿಗೊಂದು ಕಾರ್ಡು ಎಂದು ಅವರವರ ಪಕ್ಷಕ್ಕೆ ಹಿಡಿಸುವಂತೆ ಇನ್ನು ಬರೆಯುವುದಿಲ್ಲ. ಮಾತು ಬಿಟ್ಟಿರುವ ಆ ಇಬ್ಬರನ್ನೂ ಎದುರು ಕೂರಿಸಿ ಇದೊಂದೇ ಕಾರ್ಡು ಓದು. ನನ್ನನ್ನು ಬೈದರೆ ಬೈಯಲಿ, ಒಟ್ಟಿಗೆ ಕೂತು ಬೈಯಲಿ.

ನಿನ್ನ ತಮ್ಮ